ಛೀ ಎನ್ನುತ್ತಿದ್ದ ಭಾವ

ನನ್ನ ಅಕ್ಕನ ಗಂಡ ಕಂಪ್ಯೂಟರ್ ರಿಪೇರಿ ಮಾಡುವವರು. ಹಳೆಯ ಡೆಸ್ಕ್‌ಟಾಪ್ ಬಿಚ್ಚಿ, ರ್ಯಾಮ್ ಏರಿಸಿ, ಡಿಸ್ಕ್ ಬದಲಿಸಿ, ಹೊಸ ಫ್ಯಾನ್ ಕೂರಿಸಿ ಅದು ಇನ್ನೂ ನಾಲ್ಕೈದು ವರ್ಷ ಓಡುವಂತೆ ಮಾಡುವುದರಲ್ಲಿ ಅವರದು ಎತ್ತಿದ ಕೈ. ಹಳೆಯ ಭಾಗವನ್ನು ಹೊಸದೆಂದು ಹೇಳಿ ಯಾರಿಗೂ ಟೋಪಿ ಹಾಕಿದವರಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಅವರ ಬಗ್ಗೆ ನನ್ನ ಬಾಯಿಂದ ಒಳ್ಳೆಯ ಮಾತು ಬರುವುದು ಕಡಿಮೆ.

ಅವರಿಗೆ ಹೇಸಿಗೆ ಜಾಸ್ತಿ. ಕೊಳೆ ಕಂಡರಾಗದ ಜನ ಬೇಕಾದಷ್ಟಿದ್ದಾರೆ, ನಾನೂ ಒಬ್ಬಳು. ಭಾವನದು ಅದಕ್ಕೂ ಮೇಲಿನ ಮಟ್ಟ. ಕಂಪ್ಯೂಟರಿನ ಪಕ್ಕದ ತಗಡು ತೆಗೆದ ಕೂಡಲೇ ಮೂಗು ಮುದುರುತ್ತದೆ, ತುಟಿ ಓರೆಯಾಗುತ್ತದೆ, "ಛೀ" ಎಂದು ಹೊರಬೀಳುತ್ತದೆ. ಗಿರಾಕಿ ಎದುರಿಗೇ ಕೂತಿದ್ದರೂ ಅವರಿಗೆ ಲೆಕ್ಕವಿಲ್ಲ. "ಇದರಲ್ಲಿ ಕೆಲಸ ಮಾಡ್ತಿದ್ರಾ, ಇಲ್ಲ ಕೋಳಿ ಸಾಕ್ತಿದ್ರಾ?" ಎಂದು ಕೇಳಿಯೇ ಬಿಡುತ್ತಾರೆ. ನಮ್ಮ ಬೀದಿಯವರು ಬೆನ್ನ ಹಿಂದೆ ಅವರಿಗೆ ಛೀ ಸಾರ್ ಎಂದು ಹೆಸರಿಟ್ಟಿದ್ದಾರೆ. ಆ ಹೆಸರು ಅವರ ಕಿವಿಗೂ ಬಿದ್ದಿದೆ. ಬೇಜಾರೇನೂ ಆದಂತಿಲ್ಲ.

ಅವರು ಹೇಸುವುದಕ್ಕೆ ಕಾರಣವೇ ಇಲ್ಲ ಎನ್ನಲಾರೆ. ಹನ್ನೊಂದು ವರ್ಷದಿಂದ ಆ ಅಂಗಡಿಯಲ್ಲಿ ಫೋನ್ ಎತ್ತುತ್ತ, ಬಂದ ಕಂಪ್ಯೂಟರಿಗೆ ಚೀಟಿ ಅಂಟಿಸುತ್ತ, ಹೋಗುವ ಕಂಪ್ಯೂಟರಿಗೆ ಸಹಿ ಹಾಕಿಸಿಕೊಳ್ಳುತ್ತ ಕೂತಿದ್ದೇನೆ. ಜನರ ಹೊರಗು ಒಳಗು ಎರಡೂ ನೋಡಿದ್ದೇನೆ. ಇಸ್ತ್ರಿ ಮುರಿಯದ ಅಂಗಿ ಹಾಕಿಕೊಂಡು ಬರುವ ವಕೀಲರ ಕಂಪ್ಯೂಟರಿನ ಪವರ್ ಸಪ್ಲೈಯಲ್ಲಿ ಜಿರಲೆಗಳ ಮೂರು ತಲೆಮಾರು ಸಂಸಾರ ಹೂಡಿತ್ತು. ಒಬ್ಬ ಟೀಚರರ ಕೀಬೋರ್ಡ್ ತಲೆಕೆಳಗು ಮಾಡಿದಾಗ ಬಿಸ್ಕತ್ತಿನ ಪುಡಿಯ ಜೊತೆ ಕತ್ತರಿಸಿದ ಉಗುರುಗಳು ಉದುರಿದವು. ಸಿಗರೇಟು ಸೇದುವವರ ಆಫೀಸಿನಿಂದ ಬಂದದ್ದನ್ನು ಬಿಚ್ಚಿದರೆ ಒಳಗೆಲ್ಲ ಕಂದು ಅಂಟು, ಅದಕ್ಕೆ ಅಂಟಿದ ಕೂದಲು. ಫ್ಯಾನಿಗೆ ಸಿಕ್ಕಿ ಒಣಗಿದ ಹಲ್ಲಿಯನ್ನು ನಾನೇ ಇಕ್ಕಳದಲ್ಲಿ ಎಳೆದು ತೆಗೆದಿದ್ದೇನೆ. ಅಂದು ಮಧ್ಯಾಹ್ನ ಊಟ ಸೇರಲಿಲ್ಲ.

ಆದ್ದರಿಂದ ಭಾವನ ಕೆಲಸದ ಕ್ರಮವೇ ಬೇರೆ. ಬೇರೆ ರಿಪೇರಿಯವರು ಮೊದಲು ರೋಗ ಹುಡುಕುತ್ತಾರೆ, ಸಮಯ ಉಳಿದರೆ ಒರೆಸುತ್ತಾರೆ. ಇವರು ಮೊದಲು ಒರೆಸಬೇಕು. ಊದುವ ಯಂತ್ರದಿಂದ ಧೂಳು ಹಾರಿಸಿ, ಬಣ್ಣ ಬಳಿಯುವ ಬ್ರಷ್‌ನಿಂದ ಸಂದಿಗೊಂದಿ ಕೆದಕಿ, ಹತ್ತಿಗೆ ಸ್ಪಿರಿಟ್ ಅದ್ದಿ ಒಂದೊಂದು ಭಾಗವನ್ನೂ ಉಜ್ಜಿ, ಕೋಣೆಯ ನಡುವಿನ ಉಕ್ಕಿನ ಮೇಜಿನ ಮೇಲೆ ಬಿಳಿ ಬಟ್ಟೆ ಹಾಸಿ ಸಾಲಾಗಿ ಇಡುತ್ತಾರೆ. ಆಮೇಲೆ ಹಿಂದಿನ ಗೋಡೆಯ ಸಿಂಕ್‌ಗೆ ಹೋಗಿ ಐದು ನಿಮಿಷ ಕೈ ತೊಳೆಯುತ್ತಾರೆ, ಬೆರಳ ಸಂದಿ, ಉಗುರ ಬುಡ, ಮೊಣಕೈವರೆಗೆ. ಆಮೇಲೆಯೇ ಸ್ಕ್ರೂಡ್ರೈವರ್ ಮುಟ್ಟುವುದು.

ಕಂಪ್ಯೂಟರಿನ ಮಟ್ಟಿಗೆ ಇದು ಒಳ್ಳೆಯದೇ. ಮನೆಯಲ್ಲಿ ಮಾತ್ರ ನನ್ನ ಅಕ್ಕ ಇದನ್ನು ಇಪ್ಪತ್ತಾರು ವರ್ಷ ನುಂಗಿಕೊಂಡು ಬಂದಿದ್ದಾಳೆ. ಮಗಳು ಹುಟ್ಟಿದಾಗ ಭಾವ ಆಸ್ಪತ್ರೆಯ ಬಾಗಿಲಲ್ಲೇ ನಿಂತು, "ಚೆನ್ನಾಗಿ ತೊಳೆದಿದ್ದಾರಾ?" ಎಂದು ಕೇಳಿದರಂತೆ. ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಿ ಗಾಯ ಕೀವು ಕಟ್ಟಿದಾಗ ಇಪ್ಪತ್ತು ದಿನ ಬಟ್ಟೆ ಬದಲಿಸಿದವಳು ನಾನು. ಭಾವ ಕೋಣೆಯ ಹೊರಗೆ ನಿಂತು "ಆಯ್ತಾ?" ಎನ್ನುತ್ತಿದ್ದರು. ಔಷಧಿಗೆ ಓಡಾಡಿದರು, ಡಾಕ್ಟರ ಹತ್ತಿರ ಕಾದರು, ಅದೆಲ್ಲ ನಿಜ. ಗಾಯ ಮಾಯುವವರೆಗೆ ಮಾತ್ರ ಅವಳ ಮಂಚದ ಹತ್ತಿರ ಸುಳಿಯಲಿಲ್ಲ. ಅಕ್ಕ ನನ್ನ ಕೈ ಹಿಡಿದು, "ಅವರ ಸ್ವಭಾವನೇ ಹಾಗೆ, ಬಿಡೇ" ಎಂದಳು. ಅವಳು ಬಿಟ್ಟಳು, ನನಗೆ ಬಿಡಲಾಗಲಿಲ್ಲ.

ಇನ್ನು ಟೈಲರಮ್ಮನ ವಿಷಯಕ್ಕೆ ಬರುತ್ತೇನೆ.

ನಮ್ಮ ಅಂಗಡಿಯಿಂದ ಮೂರನೆಯ ಬೀದಿಯಲ್ಲಿ, ಚಪ್ಪಲಿ ಅಂಗಡಿಯ ಮಹಡಿಯ ಮೇಲೆ ಅವರ ಹೊಲಿಗೆಯ ಕೋಣೆ. ವಯಸ್ಸು ಐವತ್ತರ ಆಸುಪಾಸು. ಬೇರೆ ದರ್ಜಿಗಳು ಮುಟ್ಟಲು ಹಿಂಜರಿಯುವ ಮೈಗಳಿಗೆ ಅವರು ಬಟ್ಟೆ ಹೊಲಿಯುತ್ತಾರೆ. ಒಂದು ತೋಳು ಮೊಣಕೈಗೇ ನಿಂತವರು, ಬೆನ್ನು ಬಾಗಿದವರು, ಆಪರೇಷನ್ ಆಗಿ ಹೊಟ್ಟೆಯ ಪಕ್ಕ ಚೀಲ ಕಟ್ಟಿಕೊಂಡೇ ಓಡಾಡಬೇಕಾದವರು, ಸುಟ್ಟ ಚರ್ಮಕ್ಕೆ ಹೊಲಿಗೆಯ ಏಣು ತಾಗಬಾರದವರು. ಹಿಂದೆ ಅವರ ಅತ್ತೆ ಹಾಸಿಗೆ ಹಿಡಿದಾಗ ಅಳತೆ ತೆಗೆಯಲು ಯಾವ ದರ್ಜಿಯೂ ಬರಲಿಲ್ಲವಂತೆ. "ಹಳೇ ಬಟ್ಟೆ ಕೊಡಿ, ಅದರ ಅಳತೆಗೇ ಹೊಲೀತೀವಿ" ಎಂದರಂತೆ ಎಲ್ಲರೂ. "ಹಳೇ ಬಟ್ಟೆ ಹಳೇ ಮೈದು. ಅವರ ಮೈ ಎಲ್ಲಿ ಹಾಗೇ ಇತ್ತು?" ಎಂದು ಟೈಲರಮ್ಮ ನನಗೆ ಹೇಳಿದ್ದರು. ತಾವೇ ಟೇಪ್ ಹಿಡಿದು ಅತ್ತೆಗೆ ಹೊಲಿದುಕೊಟ್ಟರು. ಅಲ್ಲಿಂದ ಬಾಯಿಂದ ಬಾಯಿಗೆ ಸುದ್ದಿ ಹಬ್ಬಿತು.

ಇಂಥ ಬಟ್ಟೆಗೆ ಎದೆ ಸೊಂಟ ಎಂದು ನಾಲ್ಕು ಅಳತೆ ಸಾಲದು. ಒಂದೊಂದು ಮೈಗೆ ಮೂವತ್ತು ನಲವತ್ತು ಅಳತೆ ತೆಗೆದು, ಬರಿಗೈಯಲ್ಲಿ ಸವರಿ ಎಲ್ಲಿ ನೋವು, ಎಲ್ಲಿ ಗಂಟು ಎಂದು ತಿಳಿದು, ಕಂಪ್ಯೂಟರಿನಲ್ಲಿ ಕಟಿಂಗ್ ಚಿತ್ರ ಬರೆದುಕೊಳ್ಳುತ್ತಿದ್ದರು. ಹನ್ನೆರಡು ವರ್ಷದಲ್ಲಿ ಇನ್ನೂರ ಮೂವತ್ತು ಮಂದಿಯ ಚಿತ್ರ ಸೇರಿತ್ತು. ಮೊದಲು ಅವನ್ನು ಪುಸ್ತಕಗಳಲ್ಲೂ ಬರೆದಿಡುತ್ತಿದ್ದರು. ಮೂರು ವರ್ಷದ ಹಿಂದೆ ಭಾವ ಯಾವುದೋ ಕೇಬಲ್ ಹಾಕಲು ಅಲ್ಲಿಗೆ ಹೋದಾಗ ಆ ಪುಸ್ತಕಗಳಿಗೆ ಹುಳ ಹತ್ತಿದ್ದನ್ನು ನೋಡಿ, "ಛೀ, ಇದನ್ನೆಲ್ಲ ಇಟ್ಟುಕೊಂಡು ಹೇಗ್ರೀ ಉಸಿರಾಡ್ತೀರಾ? ಎಲ್ಲಾ ಕಂಪ್ಯೂಟರಲ್ಲಿ ಇದೆಯಲ್ಲ, ಸುಟ್ಟುಹಾಕಿ" ಎಂದಿದ್ದರು. ತಿಳಿದವರು ಹೇಳಿದರೆಂದು ಅವರು ಸುಟ್ಟರು.

ಆ ಕಂಪ್ಯೂಟರ್ ಈ ವರ್ಷ ಮೊಂಡು ಹಿಡಿಯಿತು. ಒಂದು ಚಿತ್ರ ತೆರೆಯುವಷ್ಟರಲ್ಲಿ ಒಂದು ಕಾಲರ್ ಹೊಲಿದು ಮುಗಿಯುತ್ತಿತ್ತಂತೆ. ಡಿಸ್ಕ್‌ಗೆ ವಯಸ್ಸಾಗಿದೆ, ಬದಲಿಸಿ ಎಂದು ಪರದೆಯ ಮೇಲೆ ಎಚ್ಚರಿಕೆಯೂ ಬರತೊಡಗಿತು. ಒಂದು ಬೆಳಿಗ್ಗೆ ಟೈಲರಮ್ಮ ಅದನ್ನು ಹಳೆಯ ಚಾದರದಲ್ಲಿ ಸುತ್ತಿ, ಸೊಂಟದ ಮೇಲೆ ಹೊತ್ತು ತಂದರು.

"ಸಾರ್, ಹೊಸದು ಕೊಳ್ಳೋ ಶಕ್ತಿ ಇಲ್ಲ. ಇದಕ್ಕೇ ಏನೇನು ಹಾಕಬೇಕೋ ಹಾಕಿ. ಒಳಗೆ ಇರೋದು ಮಾತ್ರ ಒಂದು ಗೆರೆ ಆಚೀಚೆ ಆಗಬಾರದು. ನನ್ನ ಹತ್ರ ಬೇರೆ ಕಾಪಿ ಇಲ್ಲ."

"ಒಂದು ಗೆರೆನೂ ಹೋಗಲ್ಲ, ಅಮ್ಮ," ಎಂದರು ಭಾವ. "ಹೊಸ ಡಿಸ್ಕ್, ನಾಲ್ಕು ಪಟ್ಟು ರ್ಯಾಮ್, ಹೊಸ ಫ್ಯಾನ್. ನಾಳೆ ಸಂಜೆ ಬನ್ನಿ. ನಿಮಗೇ ಗುರುತು ಸಿಗಲ್ಲ, ಹಾಗೆ ಓಡುತ್ತೆ."

ಟೈಲರಮ್ಮ ಹೋದ ಮೇಲೆ ತಗಡು ತೆಗೆದೆವು. ಒಳಗೆ ಬೋರ್ಡೇ ಕಾಣುತ್ತಿರಲಿಲ್ಲ. ಆರು ವರ್ಷದ ಬಟ್ಟೆಯ ನಾರು, ದಾರದ ತುಂಡು, ಬಣ್ಣಬಣ್ಣದ ನೂಲಿನ ಜುಂಗು ಒಟ್ಟಾಗಿ ಕೊಳೆತ ಕಂಬಳಿಯ ಹಾಗೆ ಹೆಪ್ಪುಗಟ್ಟಿತ್ತು. ಅದನ್ನು ಎಳೆದರೆ ಮೂಲೆಯಲ್ಲಿ ಇಲಿಯ ಗೂಡು. ಗೂಡಿನಲ್ಲಿ ಹಿಕ್ಕೆ, ಒಣಗಿದ ಎರಡು ಮರಿಗಳು. ಉಚ್ಚೆಯ ಘಾಟಿಗೆ ನಾನು ಮೂಗು ಮುಚ್ಚಿಕೊಂಡೆ. ಭಾವ ಬಾಗಿಲಿಗೆ ಓಡಿ ಹೊರಗೆ ಉಗಿದು ಬಂದರು. "ಇವಳೇನು ಹೆಂಗಸೋ, ಇಲಿಯೋ," ಎಂದರು. ಹೇಸಿಗೆಯಾದಾಗ ಅವರ ಬಾಯಿಗೆ ಹಿಡಿತವಿರುವುದಿಲ್ಲ.

ಹಳೆಯ ಡಿಸ್ಕ್ ತೆಗೆದರು. ಈಗಿನ ಡಿಸ್ಕ್‌ಗಳು ಅಂಗೈಯಲ್ಲಿ ಹಿಡಿಸುವ ಚಪ್ಪಟೆ ಡಬ್ಬಿಗಳು. ಭಾವ ಒಂದೇ ಕಂಪನಿಯ, ಒಂದೇ ಅಳತೆಯ ಡಿಸ್ಕ್‌ಗಳನ್ನು ಡಜನ್‌ಗಟ್ಟಲೆ ತರಿಸಿಡುವುದು ರೂಢಿ. ಟೈಲರಮ್ಮನಿಗೆ ಆರು ವರ್ಷದ ಹಿಂದೆ ಹಾಕಿಕೊಟ್ಟದ್ದೂ ಅಂಥದೇ, ಈಗ ಹಾಕಬೇಕೆಂದು ಪೆಟ್ಟಿಗೆಯಿಂದ ತೆಗೆದದ್ದೂ ಅಂಥದೇ. ಅದಲು ಬದಲಾಗಬಾರದೆಂದು ಹಳೆಯದರ ಮೇಲೆ ಮಾರ್ಕರ್ ಪೆನ್ನಿನಲ್ಲಿ ದಪ್ಪಗೆ ಒಂದು ಅಡ್ಡಗೆರೆ ಎಳೆಯುತ್ತಾರೆ. ಅಂದೂ ಎಳೆದರು. ಎಳೆದ ಮೇಲೆ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದರು. ಅಂಚಿನಲ್ಲಿ ಹಳದಿ ಕಲೆ. ಮೂಸಿದರು. ಅಷ್ಟೇ, ಹತ್ತಿಗೆ ಸ್ಪಿರಿಟ್ ಸುರಿದು ಒಂದೇ ಸಮನೆ ಉಜ್ಜತೊಡಗಿದರು. ಕಲೆಯ ಜೊತೆ ಗೆರೆಯೂ ಹೋಯಿತು.

"ಗುರುತು ಹೋಯ್ತಲ್ಲ ಭಾವ."

"ಹೋದರೆ ಹೋಗಲಿ. ನನ್ನ ಎಡಗಡೆ ಇರೋದು ಹಳೇದು, ಬಲಗಡೆದು ಹೊಸದು. ನಂಗೆ ಗೊತ್ತಿಲ್ವಾ?"

ಎರಡನ್ನೂ ಬಿಳಿ ಬಟ್ಟೆಯ ಮೇಲೆ ಪಕ್ಕಪಕ್ಕ ಇಟ್ಟರು. ಎರಡೂ ಒಂದೇ ಥರ ಫಳಫಳ ಹೊಳೆಯುತ್ತಿದ್ದವು. ಇನ್ನೊಮ್ಮೆ ಗೆರೆ ಎಳೆಯಬೇಕಾದರೆ ಅದನ್ನು ಮತ್ತೆ ಮುಟ್ಟಬೇಕು, ಆ ಹೊತ್ತಿಗೆ ಅವರ ಕೈ ಅವರಿಗೇ ಅಸಹ್ಯವಾಗಿತ್ತು. ನೇರ ಸಿಂಕ್‌ಗೆ ಹೋದರು. ಅಂದು ಐದು ನಿಮಿಷ ಸಾಲದೆ ಹತ್ತು ನಿಮಿಷ ತೊಳೆದರು. ತೊಳೆದು, ಕೈ ಒಣಗಿಸಿ, ಸಿಂಕ್ ಕಡೆಯಿಂದಲೇ ಮೇಜಿಗೆ ಬಂದರು. ಮೊದಲು ನಿಂತದ್ದು ಬಾಗಿಲ ಕಡೆ, ಈಗ ನಿಂತದ್ದು ಮೇಜಿನ ಆಚೆ ಬದಿ. ಅವರ ಎಡಗಡೆ ಈಗ ಹೊಸದಿತ್ತು, ಆಗ ಅದು ನನಗೂ ಹೊಳೆಯಲಿಲ್ಲ.

ಡಿಸ್ಕ್‌ನಿಂದ ಡಿಸ್ಕ್‌ಗೆ ಇಳಿಸಲು ನಮ್ಮಲ್ಲಿ ಎರಡು ತೂತಿನ ಒಂದು ಪೆಟ್ಟಿಗೆ ಇದೆ. ಮುಂದಿನ ತೂತಿಗೆ ಹಳೆಯದು, ಹಿಂದಿನ ತೂತಿಗೆ ಹೊಸದು. ಗುಂಡಿ ಒತ್ತಿದರೆ ಮುಂದಿನದರಲ್ಲಿ ಇದ್ದದ್ದೆಲ್ಲ ಯಥಾವತ್ತಾಗಿ ಹಿಂದಿನದರ ಮೇಲೆ ಹೋಗಿ ಕೂರುತ್ತದೆ. ಮುಂದಿನದು ಖಾಲಿಯಾಗಿದ್ದರೆ ಆ ಖಾಲಿಯೂ ಹಾಗೆಯೇ ಹೋಗಿ ಕೂರುತ್ತದೆ. ಪೆಟ್ಟಿಗೆ ಏನನ್ನೂ ಕೇಳುವುದಿಲ್ಲ. ಭಾವ ಎಡಗಡೆಯದನ್ನು ಮುಂದಿನ ತೂತಿಗೆ, ಬಲಗಡೆಯದನ್ನು ಹಿಂದಿನದಕ್ಕೆ ತೂರಿಸಿ ಗುಂಡಿ ಒತ್ತಿದರು, ನಾಲ್ಕು ದೀಪಗಳು ಒಂದೊಂದಾಗಿ ಹತ್ತಿದವು. ನಾವು ಕಾಫಿ ಕುಡಿದೆವು. ಆ ಕಾಫಿ ಕುಡಿಯುವಷ್ಟು ಹೊತ್ತಿನಲ್ಲಿ ಇನ್ನೂರ ಮೂವತ್ತು ಮೈಗಳು ಅಳಿಸಿಹೋದವು.

ಕಂಪ್ಯೂಟರ್ ಜೋಡಿಸಿ ಸ್ವಿಚ್ ಹಾಕಿದಾಗ ಕಪ್ಪು ಪರದೆ. ಇನ್ನೊಂದು ಡಿಸ್ಕ್ ಹಾಕಿದರು, ಮತ್ತೆ ಕಪ್ಪು ಪರದೆ. ಭಾವ ಮೇಜಿನ ಈಚೆ ಬಂದು ನಿಂತರು, ಮತ್ತೆ ಆಚೆ ಹೋದರು, ಮತ್ತೆ ಈಚೆ ಬಂದರು. ಅವರ ಮುಖ ಸುಣ್ಣ ಬಳಿದಂತಾಯಿತು. ನನಗೂ ತಿಳಿಯಿತು, ಅವರಿಗೂ ತಿಳಿಯಿತು. ಮರುದಿನ ಮಧ್ಯಾಹ್ನದವರೆಗೆ ಕಳೆದದ್ದನ್ನು ಹುಡುಕುವ ಸಾಫ್ಟ್‌ವೇರ್‌ಗಳನ್ನೆಲ್ಲ ಓಡಿಸಿದರು. ಒಂದು ಗೆರೆಯೂ ಸಿಗಲಿಲ್ಲ.

ಹೇಳಿದ ಸಮಯಕ್ಕೆ ಸರಿಯಾಗಿ ಟೈಲರಮ್ಮ ಬಂದರು. ರಿಪೇರಿಯಾದ ಕಂಪ್ಯೂಟರಿಗೆ ಧೂಳು ಹೋಗಬಾರದೆಂದು ಉಳಿದ ತುಂಡುಗಳಲ್ಲಿ ಒಂದು ಮುಸುಕು ಹೊಲಿದು ತಂದಿದ್ದರು. ಅದನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತಿದ್ದರು. ಭಾವ ಏನು ಹೇಳುತ್ತಾರೆಂದು ನಾನು ಕಾಯುತ್ತಿದ್ದೆ. ತಪ್ಪಾಯಿತು ಎಂದು ಒಂದು ಮಾತು ಹೇಳಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು, ನಾನೂ ಬರೆಯುತ್ತಿರಲಿಲ್ಲ.

"ನಿಮ್ಮ ಡಿಸ್ಕ್ ಇಲ್ಲಿಗೆ ಬರೋವಾಗಲೇ ಸತ್ತಿತ್ತು, ಅಮ್ಮ," ಎಂದರು ಭಾವ. "ಒಳಗೆ ಇಲಿ ಗೂಡು ಕಟ್ಟಿದೆ. ಉಚ್ಚೆ ಇಳಿದು ಎಲ್ಲಾ ತಿಂದುಹಾಕಿದೆ. ಅಷ್ಟು ಗಲೀಜಲ್ಲಿ ಇಟ್ಟುಕೊಂಡ್ರೆ ಯಾವುದು ಉಳಿಯುತ್ತೆ ಹೇಳಿ."

"ನಿನ್ನೆ ಬೆಳಿಗ್ಗೆ ಕೂಡ ಆನ್ ಆಗಿತ್ತಲ್ಲ ಸಾರ್."

"ಅದು ಕೊನೇ ಉಸಿರು."

ಟೈಲರಮ್ಮ ಜಗಳ ಆಡಲಿಲ್ಲ. ತಮ್ಮ ಎರಡು ಅಂಗೈಗಳನ್ನು ತಿರುಗಿಸಿ ನೋಡಿಕೊಂಡರು. ಸೀಮೆಸುಣ್ಣದ ಗುರುತು, ಎಣ್ಣೆ, ಉಗುರಿನಲ್ಲಿ ನೀಲಿ ದಾರದ ಎಳೆ. "ಅವರಿವರ ಗಾಯ, ಮುಲಾಮು ಎಲ್ಲಾ ಮುಟ್ಟಿದ ಕೈ. ಅದೇ ಕೈಯಲ್ಲಿ ಇದನ್ನೂ ಮುಟ್ತಿದ್ದೆ. ನಂಗೆ ಬುದ್ಧಿ ಬೇಡವಾ," ಎಂದರು. ಮುಸುಕನ್ನು ಖಾಲಿ ಕಂಪ್ಯೂಟರಿಗೆ ಹಾಕಿ, ಅದನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲಿಳಿದರು. ಭಾವ ಕೈ ತೊಳೆಯಲು ಹೋದರು.

ಹನ್ನೊಂದು ವರ್ಷದಲ್ಲಿ ಆ ಅಂಗಡಿಯಲ್ಲಿ ನಾನು ನೋಡಿದ ಹೊಲಸಿನಲ್ಲಿ ಅದಕ್ಕಿಂತ ದೊಡ್ಡದಿಲ್ಲ. ನಾನಾದರೂ ಏನು ಮಾಡಿದೆ? ಬಾಯಿಗೆ ಬೀಗ ಹಾಕಿಕೊಂಡೆ. ಅಕ್ಕನ ಮನೆಯಲ್ಲೇ ಇದ್ದು ಅವಳ ಗಂಡನನ್ನು ಬೀದಿಗೆ ಎಳೆಯಲೇ ಎಂದು ನನಗೆ ನಾನೇ ಸಮಜಾಯಿಷಿ ಕೊಟ್ಟುಕೊಂಡೆ. ಚೀಟಿಯ ಮೇಲೆ 'ಡಿಸ್ಕ್ ಮೊದಲೇ ಹಾಳಾಗಿತ್ತು' ಎಂದು ಬರೆದದ್ದು ನನ್ನ ಅಕ್ಷರ. ಭಾವನ ಮೇಲೆ ಇಷ್ಟು ಉರಿದುಬೀಳುವ ನಾನು ಆ ಚೀಟಿಯನ್ನು ಪಂಚ್ ಮಾಡಿ ಫೈಲಿಗೆ ಸೇರಿಸಿದೆ. ನನ್ನ ಬಗ್ಗೆಯೂ ನನಗೆ ಹೇಸಿಗೆಯೇ.

ಮೂರು ತಿಂಗಳು ಕಳೆಯಿತು. ಒಮ್ಮೆ ಅಂಗಿಯ ತೋಳು ಚಿಕ್ಕದು ಮಾಡಿಸುವ ನೆವದಲ್ಲಿ ನಾನು ಮಹಡಿ ಹತ್ತಿದೆ. ಕೋಣೆ ಗುರುತೇ ಸಿಗಲಿಲ್ಲ. ತುಂಡು ಬಟ್ಟೆಗಳ ರಾಶಿ ಇಲ್ಲ, ದಾರದ ಜುಂಗು ಇಲ್ಲ, ನೆಲ ಫಿನಾಯಿಲ್ ಹಾಕಿ ಒರೆಸಿತ್ತು. ಕಂಪ್ಯೂಟರಿನ ಸುತ್ತ ಪ್ಲಾಸ್ಟಿಕ್ ಹಾಳೆ. ಟೈಲರಮ್ಮ ಮೂಗಿಗೆ ಮಾಸ್ಕ್, ಕೈಗೆ ಆಸ್ಪತ್ರೆಯ ಬಿಳಿ ಗ್ಲೌಸ್ ಹಾಕಿಕೊಂಡು ಕೂತಿದ್ದರು. ಗೋಡೆಯ ಮೇಲೆ ಇನ್ನೂರ ಮೂವತ್ತು ಸಾಲಿನ ಪಟ್ಟಿ. ನೆನಪಿನಿಂದ ಬರೆದದ್ದು. ಅದರಲ್ಲಿ ನಲವತ್ತರ ಎದುರು ಮಾತ್ರ ಟಿಕ್ ಗುರುತು.

"ಮತ್ತೆ ಮೊದಲಿಂದ ಅಳತೆ ತೊಗೊಳ್ತಾ ಇದೀನಮ್ಮ. ಕೆಲವರು ಊರು ಬಿಟ್ಟಿದ್ದಾರೆ, ಕೆಲವರು ಹೋಗಿಬಿಟ್ಟಿದ್ದಾರೆ. ಉಳಿದವರನ್ನಾದ್ರೂ ಕರೀಬೇಕು," ಎಂದರು. "ಈ ಸಲ ಹುಷಾರಾಗಿದೀನಿ ನೋಡು. ನನ್ನ ಕೊಳೆ ಇದಕ್ಕೆ ತಾಗಬಾರದು."

ನಾನು ತಂದ ಅಂಗಿ ಕೊಡುವುದನ್ನೂ ಮರೆತು ಇಳಿದು ಬಂದೆ. ಅಂದೂ ಹೇಳಲಿಲ್ಲ.

ಅದಾದ ಮುಂದಿನ ವಾರ ಟೈಲರಮ್ಮ ತಾವೇ ಅಂಗಡಿಗೆ ಬಂದರು. ಗ್ಲೌಸ್ ಇನ್ನೂ ಕೈಯಲ್ಲೇ ಇತ್ತು, ಬಿಚ್ಚುವುದು ಮರೆತು ಬಂದಿದ್ದರು. ಕುರ್ಚಿ ಕೊಟ್ಟರೂ ಕೂರಲಿಲ್ಲ.

"ಸಾರ್, ಒಂದು ವಿಷಯ ಕೇಳಬೇಕಿತ್ತು. ಬರಿಗೈಯಲ್ಲಿ ಅಳತೆ ತೊಗೊಂಡು ಕಂಪ್ಯೂಟರ್ ಮುಟ್ಟಿದ್ರೆ ಈ ಹೊಸ ಡಿಸ್ಕೂ ಸಾಯುತ್ತಾ?"

"ಯಾಕಮ್ಮ?"

"ನನ್ನ ಹತ್ರ ಒಬ್ಬ ಹುಡುಗಿ ಬರ್ತಾಳೆ. ಚಿಕ್ಕವಳಿದ್ದಾಗ ಸ್ಟೌ ಸಿಡಿದು ಕತ್ತು, ಭುಜ ಸುಟ್ಟಿದೆ. ಹತ್ತು ವರ್ಷದಿಂದ ಅವಳ ಬಟ್ಟೆ ನಾನೇ ಹೊಲಿಯೋದು. ಈಗ ದೊಡ್ಡ ಅಂಗಡೀಲಿ ಕೆಲಸ ಸಿಕ್ಕಿದೆ. ಅವರ ಯೂನಿಫಾರಂ ಕಾಲರ್ ಗಟ್ಟಿ, ಹಾಕ್ಕೊಂಡ್ರೆ ಚರ್ಮ ಕಿತ್ತುಬರುತ್ತೆ. ಮೆತ್ತಗಿನ ಕಾಲರ್ ಹೊಲಿಯೋಣ ಅಂತ ಕರೆದೆ. ಗ್ಲೌಸ್ ಹಾಕ್ಕೊಂಡು ಟೇಪ್ ಹಿಡಿದೆ. ಅವಳು ನನ್ನ ಕೈ ನೋಡಿದ್ಲು. 'ನೀವೂನಾ ಅಕ್ಕ?' ಅಂದ್ಲು. ಅಷ್ಟೇ. ಕುಪ್ಪಸದ ಗುಂಡಿ ಹಾಕ್ಕೊಂಡು ಹೊರಟೇ ಹೋದ್ಲು. ಫೋನ್ ಮಾಡಿದ್ರೆ ಎತ್ತಲ್ಲ." ಟೈಲರಮ್ಮ ಗ್ಲೌಸ್ ಹಾಕಿದ ಕೈ ಮುಂದೆ ಚಾಚಿದರು. "ಮೆಟ್ಟಿಲವರೆಗೂ ಹಿಂದೆ ಹೋಗಿ, ನಿನ್ನಿಂದ ಅಲ್ಲ ಕಣೇ, ನನ್ನ ಕೊಳೆಯಿಂದ ಹಾಕ್ಕೊಂಡಿದ್ದು ಅಂದೆ. ನಂಬಲಿಲ್ಲ. ಅವಳು ಬಂದ್ರೆ ಗ್ಲೌಸ್ ತೆಗೀಬಹುದಾ ಸಾರ್? ನೀವು ಹೂಂ ಅಂದ್ರೆ ತೆಗೀತೀನಿ."

ಭಾವ ಮೇಜಿನ ಮೇಲಿದ್ದ ಸ್ಕ್ರೂಗಳನ್ನು ಚಿಕ್ಕದು ದೊಡ್ಡದು ಎಂದು ಬೇರೆ ಮಾಡುತ್ತಿದ್ದರು. ತಲೆ ಎತ್ತಲಿಲ್ಲ. "ತೆಗೀಬಹುದು... ಆದ್ರೂ ಸ್ವಲ್ಪ ಜೋಪಾನ ಇದ್ರೆ ಒಳ್ಳೇದು," ಎಂದರು.

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಆ ಮಾತು ಕೇಳಿ ನನ್ನೊಳಗೆ ಏನೋ ಹರಿದುಹೋಯಿತು. ಮೊದಲ ಸುಳ್ಳು ಹೆದರಿಕೆಗೆ ಹೇಳಿದ್ದು ಎಂದುಕೊಳ್ಳಬಹುದಿತ್ತು. ಇದಕ್ಕೆ ಆ ನೆಪವೂ ಇರಲಿಲ್ಲ.

"ಟೈಲರಮ್ಮ, ನಿಮ್ಮ ಡಿಸ್ಕ್ ಸತ್ತಿರಲಿಲ್ಲ," ಎಂದೆ. "ಭಾವ ಹಳೇದು ಹೊಸದು ಅದಲು ಬದಲು ಮಾಡಿದ್ರು. ಖಾಲಿ ಡಿಸ್ಕನ್ನ ನಿಮ್ಮದರ ಮೇಲೆ ಇಳಿಸಿಬಿಟ್ರು. ನಾನು ಪಕ್ಕದಲ್ಲೇ ಇದ್ದೆ. ಚೀಟಿ ಬರೆದದ್ದೂ ನಾನೇ."

ಟೈಲರಮ್ಮ ನನ್ನನ್ನು ನೋಡಿದರು, ಭಾವನನ್ನು ನೋಡಿದರು. ಭಾವ ಅಲ್ಲವೆನ್ನಲಿಲ್ಲ.

"ಹಾಗಾದ್ರೆ ಇಲಿಯಿಂದ ಅಲ್ವಾ?"

"ಅಲ್ಲ."

"ನನ್ನ ಕೈಯಿಂದ ಅಲ್ವಾ?"

"ಅಲ್ಲ ಟೈಲರಮ್ಮ."

ಅವರು ಒಂದೊಂದೇ ಬೆರಳು ಹಿಡಿದು ಗ್ಲೌಸ್ ಕಳಚಿದರು. ಮೂರು ತಿಂಗಳು ಬೆವರಿ ಬೆವರಿ ಕೈಯ ಚರ್ಮ ಬಿಳಿಚಿ ಸುಕ್ಕುಗಟ್ಟಿತ್ತು. ಬೈಗುಳ ಬರುತ್ತದೆಂದು ನಾನು ಕಾದೆ, ಬಂದಿದ್ದರೆ ನೆಮ್ಮದಿಯಾಗುತ್ತಿತ್ತು. "ನಂಗೆ ಹೇಳಿ ಏನು ಪ್ರಯೋಜನ ಸಾರ್," ಎಂದರು. "ಅಳತೆ ನಾನು ಮತ್ತೆ ತೊಗೊಳ್ತೀನಿ, ಅದು ನನ್ನ ಕೆಲಸ. ಆ ಹುಡುಗಿಗೆ ನೀವೇ ಬಂದು ಹೇಳಬೇಕು. ನಾನು ಹೇಳಿದ್ರೆ ಅವಳು ನಂಬಲ್ಲ."

ಭಾವ ಮೀನಮೇಷ ಎಣಿಸಿದರು. ಕೆಲಸ ಇದೆ ಎಂದರು, ನಾಳೆ ಎಂದರು, ಫೋನಿನಲ್ಲಿ ಹೇಳಿದರಾಗದೇ ಎಂದರು. ನಾನು ಅಂಗಡಿಯ ಬೋರ್ಡು ತಿರುಗಿಸಿ 'ಮುಚ್ಚಿದೆ' ಮಾಡಿ, ಬೀಗ ಕೈಯಲ್ಲಿ ಹಿಡಿದು ನಿಂತೆ. ಆಮೇಲೆ ಚಪ್ಪಲಿ ಮೆಟ್ಟಿದರು.

ಹುಡುಗಿಯನ್ನು ಕರೆಸಲು ಟೈಲರಮ್ಮನಿಗೆ ನಾಲ್ಕು ಸಲ ಫೋನ್ ಮಾಡಬೇಕಾಯಿತು. ಕೊನೆಗೆ ಅವಳ ತಾಯಿ ಎತ್ತಿದರು. ಸಂಜೆ ಐದರ ಹೊತ್ತಿಗೆ ಅವಳು ಮಹಡಿ ಹತ್ತಿ ಬಂದಳು. ಇಪ್ಪತ್ತಮೂರು ಇಪ್ಪತ್ತನಾಲ್ಕರ ಹುಡುಗಿ, ಕತ್ತಿನ ಸುತ್ತ ತೆಳು ಬಟ್ಟೆ ಸುತ್ತಿದ್ದಳು. ಕೂರಲಿಲ್ಲ, ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಸೋಮವಾರ ಕೆಲಸಕ್ಕೆ ಸೇರಬೇಕು, ಕಾಲರ್ ಇಲ್ಲದೆ ಬಂದರೆ ಬೇಡ ಎಂದು ಆ ಅಂಗಡಿಯವರು ಹೇಳಿದ್ದಾರೆ ಎಂದು ಅವಳ ತಾಯಿ ಫೋನಿನಲ್ಲಿ ಹೇಳಿದ್ದರು.

ಭಾವ ನೆಲ ನೋಡುತ್ತ ಹೇಳಿದರು. "ಇವರ ಕಂಪ್ಯೂಟರಲ್ಲಿ ಇದ್ದದ್ದೆಲ್ಲ ಹೋಗಿದ್ದು ನನ್ನ ತಪ್ಪಿಂದ, ಮಗು. ನಾನು ಇವರ ಗಲೀಜಿನ ಮೇಲೆ ಹಾಕಿದೆ. ಅದನ್ನ ನಂಬಿ ಇವರು ಗ್ಲೌಸ್ ಹಾಕ್ಕೊಂಡ್ರು. ನಿನ್ನ ಮೈಗೆ ಹೇಸಿ ಹಾಕ್ಕೊಂಡಿದ್ದಲ್ಲ." ಅವರ ಬಾಯಿಂದ ಅಷ್ಟು ಸತ್ಯ ಒಟ್ಟಿಗೆ ಬಂದದ್ದು ನಾನು ಕೇಳಿರಲಿಲ್ಲ. ಒಂದು ಕ್ಷಣ ನನಗೆ ಅವರ ಮೇಲೆ ಮರುಕವೂ ಹುಟ್ಟಿತು.

ಹುಡುಗಿ ಟೈಲರಮ್ಮನ ಕೈಗಳನ್ನು ನೋಡಿದಳು. ಬರಿಗೈ. ಕತ್ತಿನ ಬಟ್ಟೆ ಬಿಚ್ಚಿ, ಕುಪ್ಪಸದ ಮೇಲಿನ ಎರಡು ಗುಂಡಿ ಸಡಿಲಿಸಿ ಕನ್ನಡಿಯ ಮುಂದೆ ಬಂದು ನಿಂತಳು. ಕಿವಿಯ ಕೆಳಗಿನಿಂದ ಭುಜದ ತುದಿಯವರೆಗೆ ಚರ್ಮ ಸುರುಟಿಕೊಂಡು, ಗೆರೆಗೆರೆಯಾಗಿ, ಕೆಂಪು ಬಿಳುಪು ಕಲೆಸಿ ಹೊಳೆಯುತ್ತಿತ್ತು. ಆ ಕೈ ಅರ್ಧಕ್ಕಿಂತ ಮೇಲೆ ಏಳುತ್ತಿರಲಿಲ್ಲ.

ಟೈಲರಮ್ಮ ಬೇರೆ ಏನೂ ಯೋಚಿಸಿರಲಾರರು, ಅವರಿಗೆ ಕೆಲಸ ಮುಖ್ಯ. "ಸಾರ್, ಅಲ್ಲೇ ನಿಂತಿದೀರಲ್ಲ, ಈ ತುದಿ ಸ್ವಲ್ಪ ಹಿಡ್ಕೊಳ್ಳಿ. ಕತ್ತಿನ ಬುಡಕ್ಕೆ ಒತ್ತಿ ಹಿಡೀಬೇಕು," ಎಂದು ಟೇಪಿನ ತುದಿ ಚಾಚಿದರು.

ಭಾವ ಎರಡು ಬೆರಳಿನಲ್ಲಿ ಹಿಡಿದರು. ಕತ್ತಿನ ಹತ್ತಿರ ತಂದರು.

ಟೈಲರಮ್ಮ ಇನ್ನೊಂದು ತುದಿಯಲ್ಲಿ ಅಳತೆ ಓದಿ ತಲೆಯಾಡಿಸಿದರು. "ಜಾಸ್ತಿ ಬರ್ತಾ ಇದೆ. ಮೈಗೆ ತಾಗಿಸಿ ಸಾರ್."

ಭಾವ ಇನ್ನಷ್ಟು ಹತ್ತಿರ ತಂದರು. ಟೇಪಿಗೂ ಚರ್ಮಕ್ಕೂ ನಡುವೆ ಒಂದು ಬೆರಳಿನಷ್ಟು ಜಾಗ ಉಳಿದೇ ಇತ್ತು. ಅವರು ನಿಜವಾಗಿಯೂ ಪ್ರಯತ್ನಿಸುತ್ತಿದ್ದರು, ಹಣೆಯಲ್ಲಿ ಬೆವರು ಇಳಿಯುತ್ತಿತ್ತು. ಆ ಒಂದು ಬೆರಳನ್ನು ದಾಟಲು ಅವರಿಂದ ಆಗಲಿಲ್ಲ. ಹುಡುಗಿ ಕನ್ನಡಿಯಲ್ಲಿ ಅವರ ಕೈಯನ್ನೂ ನೋಡುತ್ತಿದ್ದಳು, ಮುಖವನ್ನೂ ನೋಡುತ್ತಿದ್ದಳು.

ನಾನು ಮುಂದೆ ಹೋಗಿ ಅವರ ಕೈಯಿಂದ ತುದಿ ತೆಗೆದುಕೊಂಡೆ. ಅವರು ಗೋಡೆಯ ಕಡೆ ಸರಿದರು.

"ಇರಲಿ ಬಿಡಿ ಅಕ್ಕ," ಎಂದಳು ಹುಡುಗಿ, ಟೈಲರಮ್ಮನಿಗೆ. ದನಿಯಲ್ಲಿ ಸಿಟ್ಟಿರಲಿಲ್ಲ. "ಇವರ ಥರದವರು ನಂಗೆ ಅಭ್ಯಾಸ, ದಿನಾ ಸಿಗ್ತಾರೆ. ನಿಮ್ಮಿಂದ ಅದು ಅಭ್ಯಾಸ ಇರಲಿಲ್ಲ, ಅದಕ್ಕೆ ಅವತ್ತು ತಡೆಯೋಕೆ ಆಗಲಿಲ್ಲ."